ಟ್ಯಾಂಕು ತುಂಬಿದ ಸುದ್ದಿಯನ್ನು ಪೈಪಿನ ನೀರೇ ತರಬಲ್ಲದೇ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಕೆರೆಯ ಕೆಳಗಿನ ಎರಡು ಕೊಳವೆಬಾವಿಗಳ ನೀರು ಸಂಪಿಗೆ ಬೀಳುತ್ತದೆ. ಅಲ್ಲಿಂದ ಪಂಪು ಅದನ್ನು 1,650 ಮೀಟರ್ ದೂರದ ಗುಡ್ಡದ ಮೇಲಿನ ಟ್ಯಾಂಕಿಗೆ ತಳ್ಳುತ್ತದೆ. ಪಂಪಿನ ಕಡೆಯ 600 ಮೀಟರ್ ಹಳೆಯ ಬೀಡುಕಬ್ಬಿಣದ ಪೈಪು, ಮುಂದಿನ 1,050 ಮೀಟರ್ 6 ಕೆಜಿ ಪಿವಿಸಿ (ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ತಾಳುವ ಪ್ಲಾಸ್ಟಿಕ್ ಪೈಪು). ಎರಡೂ ನಾಲ್ಕು ಇಂಚು. ಪಂಪು ಓಡುವಾಗ ಒತ್ತಡದ ಗೇಜ್ 4 ಕೆಜಿ ತೋರಿಸುತ್ತದೆ, ನಿಂತಾಗ 3. ಹಿಂದೆ ನಮ್ಮ ಹಿರಿಯ ನೀರಗಂಟಿ ಕಬ್ಬಿಣದ ಸಲಾಕೆಯನ್ನು ಪೈಪಿಗೆ ಊರಿ, ಕಿವಿಗೊಟ್ಟು ಸೋರಿಕೆಯ ಜಾಗ ಹೇಳುತ್ತಿದ್ದರು. ಪಿವಿಸಿ ಬಂದ ಮೇಲೆ ‘ಏನೂ ಕೇಳಿಸುತ್ತಿಲ್ಲ’ ಎನ್ನುತ್ತಾರೆ. ಟ್ಯಾಂಕು ತುಂಬಿದ್ದನ್ನು ತಿಳಿಸಲು ಎಳೆದಿದ್ದ ತಂತಿ ಎರಡು ಸಲ ಕಳವಾಯಿತು. ಗುಡ್ಡದ ಹಿಂದೆ ಮೊಬೈಲ್ ಸಿಗ್ನಲ್ ಇಲ್ಲ. ಪೈಪಿನೊಳಗಿನ ನೀರಿನಲ್ಲೇ ಶಬ್ದದ ಅಲೆ ಕಳುಹಿಸಿ ಸೋರಿಕೆ ಹುಡುಕುವ, ಸಂದೇಶ ಮುಟ್ಟಿಸುವ ಅಲ್ಟ್ರಾಸೌಂಡ್ ಯಂತ್ರಗಳಿವೆ ಎಂದು ಒಂದು ವಿಡಿಯೊದಲ್ಲಿ ನೋಡಿದೆವು. ಪಂಚಾಯಿತಿ ಹಣದಲ್ಲಿ ಕೊಳ್ಳಬಹುದೇ?
— ಗ್ರಾಮ ಪಂಚಾಯಿತಿ ಸದಸ್ಯರು, ಚಿಂತಾಮಣಿ ತಾಲ್ಲೂಕು

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸದ್ದಿನಿಂದ ಸೋರಿಕೆ ಹಿಡಿಯಬಹುದು. ಪಿವಿಸಿಯಲ್ಲೂ ಹಿಡಿಯಬಹುದು, ಆದರೆ ಕಬ್ಬಿಣದ ಲೆಕ್ಕವನ್ನು ಪಿವಿಸಿಗೆ ಹಾಕಿದರೆ ತಪ್ಪು ಜಾಗದಲ್ಲಿ ಗುಂಡಿ ತೋಡುತ್ತೀರಿ. ಟ್ಯಾಂಕು ತುಂಬಿದ ಸುದ್ದಿಯೂ ಪೈಪಿನ ನೀರಿನ ಮೂಲಕವೇ ಪಂಪಿಗೆ ಬರಬಲ್ಲದು. ಅದಕ್ಕೆ ಅಲ್ಟ್ರಾಸೌಂಡ್ (ಕಿವಿಗೆ ಕೇಳಿಸದಷ್ಟು ಏರುದನಿಯ) ಯಂತ್ರ ಬೇಡ, ದಯವಿಟ್ಟು ಕೊಳ್ಳಬೇಡಿ. ನಿಮ್ಮ ಪೈಪಿನಲ್ಲಿ ಅದು ಕೆಲಸಕ್ಕೆ ಬಾರದು. ಬೇಕಾದದ್ದು ಒಂದು ಫ್ಲೋಟ್ ವಾಲ್ವ್, ಒತ್ತಡ ನೋಡಿ ಕರೆಂಟು ಕಡಿಯುವ ಎರಡು ಪ್ರೆಶರ್ ಸ್ವಿಚ್, ಟೈಮರು. ಇವೆಲ್ಲ ಪಂಪು ರಿಪೇರಿಯ ಅಂಗಡಿಯವರಿಗೆ ಗೊತ್ತಿರುವ ಸಾಮಾನುಗಳೇ.

ಈಗ ಕಾರಣಗಳಿಗೆ ಬರುತ್ತೇನೆ. ನಿಮ್ಮ ನೀರಗಂಟಿಯವರ ಕಿವಿ ಕೆಟ್ಟಿಲ್ಲ ಎಂಬುದನ್ನು ಅವರಿಗೆ ಮೊದಲು ತಿಳಿಸಿ. ಸಲಾಕೆಯ ಕೆಲಸವನ್ನು ನಾನು ಹತ್ತಾರು ವರ್ಷ ನೋಡಿದ್ದೇನೆ. ನಡುರಾತ್ರಿ ಕಳೆದ ಮೇಲೆ, ಊರು ಮಲಗಿದಾಗ, ವಾಲ್ವಿನ ಕಟ್ಟೆಯೊಳಗೆ ಮಂಡಿಯೂರಿ ಕುಳಿತು ಸಲಾಕೆಯ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು ಇನ್ನೊಂದನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಳ್ಳಬೇಕು. ಕಾದ ಕಾವಲಿಗೆ ನೀರು ಚಿಮುಕಿಸಿದರೆ ‘ಚುಯ್’ ಎನ್ನುತ್ತದಲ್ಲ, ಅದೇ ಸದ್ದು. ಆದರೆ ಕಾವಲಿಯ ಸದ್ದು ಕ್ಷಣದಲ್ಲಿ ಆರುತ್ತದೆ, ಇದು ಒಂದೇ ಸಮನೆ ಇರುತ್ತದೆ. ಯಾರೋ ನಲ್ಲಿ ತಿರುಗಿಸಿದ್ದರೆ ಸದ್ದು ಏರಿಳಿಯುತ್ತದೆ, ಸೋರಿಕೆಯ ಸದ್ದು ಏರಿಳಿಯುವುದಿಲ್ಲ. ಈ ವ್ಯತ್ಯಾಸ ಹಿಡಿಯುವ ಕಿವಿ ಒಂದೆರಡು ದಿನದಲ್ಲಿ ಬರುವಂಥದ್ದಲ್ಲ.

ಒತ್ತಡದಲ್ಲಿರುವ ನೀರು ಸಣ್ಣ ತೂತಿನಿಂದ ನುಗ್ಗುವಾಗ ಕದಡುತ್ತದೆ, ತೂತಿನ ಅಂಚನ್ನು ನಡುಗಿಸುತ್ತದೆ, ಹೊರಗಿನ ಮರಳು ಕಲ್ಲುಗಳನ್ನು ಪೈಪಿಗೆ ಬಡಿಯುತ್ತದೆ. ಆ ಗದ್ದಲ ಎರಡು ದಾರಿ ಹಿಡಿದು ಹೊರಡುತ್ತದೆ: ಪೈಪಿನ ಗೋಡೆಯಲ್ಲಿ ಮತ್ತು ಒಳಗಿನ ನೀರಿನಲ್ಲಿ. ಕಬ್ಬಿಣದ ಪೈಪಿನಲ್ಲಿ ಸೋರಿಕೆಯ ಸದ್ದು ಹೆಚ್ಚಾಗಿ ಸೆಕೆಂಡಿಗೆ 500ರಿಂದ 1,500 ಕಂಪನಗಳ ನಡುವೆ ಇರುತ್ತದೆ. ಮನುಷ್ಯನ ಕಿವಿ ಚೆನ್ನಾಗಿ ಹಿಡಿಯುವ ಸದ್ದು ಅದು, ನೂರಾರು ಮೀಟರ್ ದೂರ ಹರಿಯುತ್ತದೆ. ಪಿವಿಸಿ ಮೆತ್ತನೆಯ ವಸ್ತು. ನೀರಿನಲ್ಲಿ ಅಲೆ ಬಂದಾಗಲೆಲ್ಲ ಅದರ ಗೋಡೆ ಉಬ್ಬಿ ತಗ್ಗಿ ಅಲೆಯ ಶಕ್ತಿಯನ್ನು ನುಂಗಿಬಿಡುತ್ತದೆ, ಏರುದನಿಯನ್ನಂತೂ ಬೇಗನೆ ನುಂಗುತ್ತದೆ. ಉಳಿಯುವುದು ಸೆಕೆಂಡಿಗೆ 200 ಕಂಪನಕ್ಕಿಂತ ಕೆಳಗಿನ ಮಂದ್ರದ ಗೊಣಗು. ಅದೂ ಹತ್ತಿಪ್ಪತ್ತು ಮೀಟರಿನಲ್ಲಿ ಸಲಾಕೆಯ ಅಳವಿಗೆ ಸಿಗದಷ್ಟು ಕ್ಷೀಣವಾಗುತ್ತದೆ. ಜಲ ಜೀವನ್ ಮಿಷನ್ 2019ರಲ್ಲಿ ಶುರುವಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಎಚ್‌ಡಿಪಿಇ ಮತ್ತು ಪಿವಿಸಿ ಎಂಬ ಪ್ಲಾಸ್ಟಿಕ್ ಪೈಪುಗಳು ಹೆಚ್ಚಿವೆ. ತುಕ್ಕು ಹಿಡಿಯದ ಒಳ್ಳೆಯ ಪೈಪುಗಳು ಅವು, ನನ್ನ ತಕರಾರಿಲ್ಲ. ಆದರೆ ನೀರಗಂಟಿಗಳ ಕೈಲಿದ್ದ ಒಂದು ವಿದ್ಯೆಯನ್ನು ಅವು ಸದ್ದಿಲ್ಲದೆ ಕಿತ್ತುಕೊಂಡವು. ಅದಕ್ಕೆ ಬದಲಾಗಿ ಅವರಿಗೆ ಇನ್ನೊಂದನ್ನು ಕಲಿಸಿಕೊಟ್ಟವರನ್ನು ನಾನು ಕಂಡಿಲ್ಲ.

ಇನ್ನು ವೇಗದ ವಿಚಾರ. ನಿಮ್ಮ ಎರಡೂ ಪ್ರಶ್ನೆಗಳ ಕೀಲಿ ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1826ರಲ್ಲಿ ಕೊಲಾಡಾನ್ ಎಂಬ ವಿಜ್ಞಾನಿ ಸ್ಟುರ್ಮ್ ಎಂಬವರ ಜೊತೆಗೂಡಿ ಜಿನೀವಾ ಸರೋವರದಲ್ಲಿ ನೀರೊಳಗೆ ಗಂಟೆ ಬಾರಿಸಿ, ಸುಮಾರು ಹದಿಮೂರೂವರೆ ಕಿಲೋಮೀಟರ್ ಆಚೆ ದೋಣಿಯಲ್ಲಿ ಕುಳಿತು, ನೀರಿಗೆ ಇಳಿಬಿಟ್ಟ ಉದ್ದನೆಯ ಕೊಳವೆಗೆ ಕಿವಿಗೊಟ್ಟು ಆ ಸದ್ದನ್ನು ಆಲಿಸಿದರು. ನಿಮ್ಮ ನೀರಗಂಟಿಯವರ ಸಲಾಕೆಗೆ ಅದು ದೂರದ ಬಂಧು. ಸಿಕ್ಕ ವೇಗ ಸೆಕೆಂಡಿಗೆ 1,435 ಮೀಟರ್. ನಮ್ಮ ಹದವಾದ ಬಿಸುಪಿನ ನೀರಿನಲ್ಲಿ ಅದು 1,480ರಷ್ಟು. ಆದರೆ ಇದು ಸರೋವರದ ಲೆಕ್ಕ. ಪೈಪಿನೊಳಗೆ ಗೋಡೆಯೂ ಅಲೆಯ ಜೊತೆಗೆ ಉಬ್ಬುವುದರಿಂದ ವೇಗ ತಗ್ಗುತ್ತದೆ. ಎಷ್ಟು ತಗ್ಗುತ್ತದೆ ಎಂಬ ಸೂತ್ರವನ್ನು ಹಾಲೆಂಡಿನ ಕೋರ್ಟೆವೆಗ್ 1878ರಲ್ಲಿ ಕೊಟ್ಟರು: ಗೋಡೆ ಮೆತ್ತಗಿದ್ದಷ್ಟೂ, ವ್ಯಾಸಕ್ಕೆ ಹೋಲಿಸಿದರೆ ತೆಳುವಾಗಿದ್ದಷ್ಟೂ ಅಲೆ ನಿಧಾನ. ಅದರ ಪ್ರಕಾರ ನಿಮ್ಮ ಕಬ್ಬಿಣದ ಭಾಗದಲ್ಲಿ ವೇಗ ಸೆಕೆಂಡಿಗೆ ಸುಮಾರು 1,250 ಮೀಟರ್. 6 ಕೆಜಿ ಪಿವಿಸಿಯಲ್ಲಿ ಸುಮಾರು 300. ಗಾಳಿಯಲ್ಲಿ ಹೋಗುವ ಶಬ್ದಕ್ಕಿಂತಲೂ ಇದು ಕಡಿಮೆ! ಒಂದೇ ನೀರು, ಒಂದೇ ಅಗಲದ ಪೈಪು. ಆದರೂ ಜೋಡಣೆಯ ಈಚೆ ಓಟ, ಆಚೆ ನಡಿಗೆ.

ಇದು ಎಷ್ಟು ಮುಖ್ಯ ಎಂಬುದನ್ನು ನಾನು ಕಲಿತದ್ದು ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ. ಸೋರಿಕೆ ಪತ್ತೆಗೆ ‘ಕೋರಿಲೇಟರ್’ ಎಂಬ ಯಂತ್ರವಿದೆ. ಎರಡು ವಾಲ್ವುಗಳಲ್ಲಿ ಒಂದೊಂದು ಸೆನ್ಸರ್ ಇಡುತ್ತೀರಿ. ಸೋರಿಕೆಯ ಸದ್ದು ಹತ್ತಿರದ ಸೆನ್ಸರಿಗೆ ಮೊದಲು, ದೂರದ್ದಕ್ಕೆ ಆಮೇಲೆ ಮುಟ್ಟುತ್ತದೆ. ಎಷ್ಟು ತಡವಾಯಿತು ಎಂಬುದನ್ನು ಯಂತ್ರ ಅಳೆಯುತ್ತದೆ. ಸೆನ್ಸರುಗಳ ನಡುವಿನ ದೂರದಿಂದ ‘ವೇಗ ಗುಣಿಸು ತಡ’ವನ್ನು ಕಳೆದು, ಉಳಿದದ್ದನ್ನು ಎರಡರಿಂದ ಭಾಗಿಸಿದರೆ ಹತ್ತಿರದ ಸೆನ್ಸರಿನಿಂದ ಸೋರಿಕೆಗಿರುವ ದೂರ ಸಿಗುತ್ತದೆ. ಅಂದು ವಾಲ್ವುಗಳ ನಡುವೆ 120 ಮೀಟರ್ ಇತ್ತು. ತಡ 0.032 ಸೆಕೆಂಡು. ನಕ್ಷೆಯಲ್ಲಿ ಕಬ್ಬಿಣ ಎಂದು ಬರೆದಿತ್ತು, ಹಾಗಾಗಿ ವೇಗ 1,250 ಎಂದು ಹಾಕಿದೆವು. 120ರಲ್ಲಿ 40 ಕಳೆದು ಅರ್ಧ ಮಾಡಿದರೆ 40 ಮೀಟರ್. ಕಾಂಕ್ರೀಟ್ ರಸ್ತೆ ಒಡೆದು ಅಲ್ಲಿ ತೋಡಿದೆವು. ಒಣ ಮಣ್ಣು. ಪಕ್ಕದಲ್ಲಿ ಇನ್ನೊಂದು ಗುಂಡಿ, ಅದೂ ಒಣ. ಗುಂಡಿಯ ತಳದಲ್ಲಿ ಪೈಪು ಕಂಡಾಗ ವಿಷಯ ತಿಳಿಯಿತು: ಅದು ಬೂದುಬಣ್ಣದ ಪಿವಿಸಿ. ಎಂದೋ ಬದಲಾಯಿಸಿದ್ದರು, ನಕ್ಷೆಯಲ್ಲಿ ತಿದ್ದಿರಲಿಲ್ಲ. ವೇಗ 300 ಎಂದು ಹಾಕಿದರೆ ಉತ್ತರ 55 ಮೀಟರ್. ಅಲ್ಲಿ, ಚರಂಡಿಯ ಅಡಿಯಲ್ಲೇ, ಕಪ್ಲಿಂಗ್ ಬಿಟ್ಟುಕೊಂಡಿತ್ತು. ಎಷ್ಟೋ ಸಮಯದಿಂದ ಆ ಬೀದಿಯವರು ಕುಡಿಯುತ್ತಿದ್ದ ನೀರು ಆ ಚರಂಡಿಯನ್ನು ತಾಗಿಕೊಂಡೇ ಹೋಗುತ್ತಿತ್ತು. ಆ ದಿನ ನನಗಾದ ಸಂಕಟ ಈಗಲೂ ಹಾಗೇ ಇದೆ.

ಸೋರಿಕೆ ಎಂದರೆ ನೀರು ಪೋಲಾಗುವುದು ಎಂದಷ್ಟೇ ಎಲ್ಲರೂ ಅಂದುಕೊಳ್ಳುತ್ತಾರೆ. ಪೋಲಾಗುವ ಲೆಕ್ಕವೂ ಸಣ್ಣದಲ್ಲ: 3 ಕೆಜಿ ಒತ್ತಡದಲ್ಲಿ 3 ಮಿಲಿಮೀಟರಿನ ಒಂದು ತೂತು ಗಂಟೆಗೆ ಸುಮಾರು 370 ಲೀಟರ್ ಹೊರಹಾಕುತ್ತದೆ. ಪಂಪು ದಿನಕ್ಕೆ ಆರು ಗಂಟೆ ಓಡಿದರೆ 2,200 ಲೀಟರ್. ತಲೆಗೆ 55 ಲೀಟರ್ ಎಂಬ ಸರ್ಕಾರದ ಮಾನದಂಡದಲ್ಲಿ ಅದು ನಲವತ್ತು ಜನರ ಪಾಲು. ಆದರೆ ಹೊರಗೆ ಹೋಗುವ ನೀರಿಗಿಂತ ಒಳಗೆ ಬರುವ ಕೊಳಕಿನ ಬಗ್ಗೆ ನನಗೆ ಹೆಚ್ಚು ಭಯ. ಕರೆಂಟು ಹೋಗಿ ಪಂಪು ತಟಕ್ಕನೆ ನಿಂತಾಗ ಪೈಪಿನುದ್ದಕ್ಕೂ ಒತ್ತಡ ಕುಸಿಯುವ ಅಲೆಯೊಂದು ಓಡುತ್ತದೆ. ಎತ್ತರದ ಜಾಗಗಳಲ್ಲಿ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯಬಹುದು. ಆಗ ಅದೇ ತೂತು ಹೊರಗಿನ ಕೆಸರನ್ನು ಹೀರಿಕೊಳ್ಳುತ್ತದೆ. ಮಕ್ಕಳಿಗೆ ವಾಂತಿಭೇದಿ ಶುರುವಾದರೆ ಜನ ಟ್ಯಾಂಕನ್ನು ತೊಳೆಸುತ್ತಾರೆ, ಪೈಪಿನ ತೂತನ್ನು ನೆನೆಯುವುದಿಲ್ಲ.

ನೀವು ಕೋರಿಲೇಟರ್ ಕೊಳ್ಳುವುದು ಬೇಡ, ಅಗತ್ಯವಿದ್ದಾಗ ಬಾಡಿಗೆಗೆ ಕರೆಸಿ. ಕರೆಸಿದಾಗ ಮೂರು ಮಾತು ಕೇಳಿ. ಪಿವಿಸಿ ಭಾಗಕ್ಕೆ ನೀರನ್ನೇ ಮುಟ್ಟುವ ಮೈಕು, ಅಂದರೆ ಹೈಡ್ರೋಫೋನ್ ತಂದಿದ್ದೀರಾ? ವಾಲ್ವಿನ ಮೈಗೆ ಅಂಟಿಸುವ ಸೆನ್ಸರ್ ಅಲ್ಲಿ ಸಾಲದು. ಸೆನ್ಸರುಗಳನ್ನು ನೂರು ಮೀಟರಿನೊಳಗೆ ಇಡುತ್ತೀರಾ? ವೇಗವನ್ನು ಪುಸ್ತಕದಿಂದ ತೆಗೆದುಕೊಳ್ಳುತ್ತೀರೋ, ಇಲ್ಲೇ ಅಳೆಯುತ್ತೀರೋ? ಅಳೆಯುವುದು ಕಷ್ಟವಲ್ಲ. ಎರಡು ಸೆನ್ಸರುಗಳ ಆಚೆ, ಅದೇ ಸಾಲಿನಲ್ಲಿ ಒಂದು ವಾಷ್‌ಔಟ್ ವಾಲ್ವನ್ನು (ಪೈಪು ತೊಳೆದ ನೀರು ಹೊರಬಿಡುವ ವಾಲ್ವ್) ಸ್ವಲ್ಪ ತೆರೆದು ಬೇಕೆಂದೇ ಸದ್ದು ಎಬ್ಬಿಸಿ. ಆಗ ಬರುವ ತಡದಿಂದ ಸೆನ್ಸರುಗಳ ನಡುವಿನ ದೂರವನ್ನು ಭಾಗಿಸಿದರೆ ನಿಮ್ಮದೇ ಪೈಪಿನ ನಿಜವಾದ ವೇಗ ಕೈಗೆ ಬರುತ್ತದೆ. ಹತ್ತು ನಿಮಿಷದ ಈ ಕೆಲಸವನ್ನು ಮಾಡದವರ ಮಾತು ನಂಬಿ ರಸ್ತೆ ಒಡೆಯಬೇಡಿ. ಕಬ್ಬಿಣದ 600 ಮೀಟರಿಗೆ ನಿಮ್ಮ ನೀರಗಂಟಿಯವರ ಸಲಾಕೆಯೇ ಇಂದಿಗೂ ಸಾಕು. ಪಂಪು ಓಡುವಾಗ ಆಲಿಸಬಾರದು. ಮೋಟಾರು ಸೆಕೆಂಡಿಗೆ 48 ಸುತ್ತು ತಿರುಗುತ್ತಾ, ಇಂಪೆಲ್ಲರಿನ ಎಲೆಗಳು ನೀರನ್ನು ಕಡೆಯುತ್ತಾ ಎಬ್ಬಿಸುವ ಗುಂಯ್‌ಗುಟ್ಟುವಿಕೆ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಪಂಪು ನಿಂತ ಕೂಡಲೇ ಆಲಿಸಲಿ. ಪೈಪಿನಲ್ಲಿ ಇನ್ನೂ 3 ಕೆಜಿ ಇರುತ್ತದೆ, ಗದ್ದಲವಿರುವುದಿಲ್ಲ.

ಸದ್ದು ಮುಟ್ಟಿದ ಹೊತ್ತಿನ ವ್ಯತ್ಯಾಸದಿಂದ ಜಾಗ ಹಿಡಿಯುವ ಈ ಉಪಾಯ ನಿಮ್ಮ ಸೀಮೆಗೆ ಹೊಸದೇನಲ್ಲ. ನಿಮ್ಮ ನೆರೆಯ ಕೋಲಾರ ಚಿನ್ನದ ಗಣಿಯಲ್ಲಿ, 3 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಬಂಡೆ ತಾನಾಗಿ ಸಿಡಿದು ಸುರಂಗ ಕುಸಿಯುತ್ತಿತ್ತು. ಎಷ್ಟೋ ಕಾರ್ಮಿಕರ ಜೀವ ತೆಗೆದ ಪಿಡುಗು ಅದು. ಎಲ್ಲಿ ಸಿಡಿಯಿತು ಎಂದು ತಿಳಿಯಲು ಬೇರೆಬೇರೆ ಕಡೆ ನೆಲದ ನಡುಕ ಹಿಡಿಯುವ ಜಿಯೋಫೋನ್‌ಗಳನ್ನು ಹೂಳಿ, ಯಾವುದಕ್ಕೆ ಮೊದಲು ಸದ್ದು ಮುಟ್ಟಿತು, ಯಾವುದಕ್ಕೆ ಆಮೇಲೆ ಎಂದು ಲೆಕ್ಕ ಹಾಕುತ್ತಿದ್ದರು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಹುಟ್ಟಿದ್ದು ಇಂಥ ನೆಲದ ಅನುಭವದ ಮೇಲೆ. ಗಣಿ 2001ರಲ್ಲಿ ಮುಚ್ಚಿತು. ಬಂಡೆಯ ಬದಲು ನೀರು, ಸುರಂಗದ ಬದಲು ನಾಲ್ಕಿಂಚಿನ ಪೈಪು. ನಿಮ್ಮ ಲೆಕ್ಕ ಅದೇ.

ಗಾಳಿಯ ಬಗ್ಗೆ ಒಂದು ಎಚ್ಚರಿಕೆ. ಹೊರಗಿನ ಗಾಳಿಯಷ್ಟೇ ಒತ್ತಡದಲ್ಲಿ ನೀರಿನ ನೂರು ಪಾಲಿಗೆ ಒಂದು ಪಾಲು ಗಾಳಿಯ ಗುಳ್ಳೆ ಬೆರೆತರೂ ಶಬ್ದದ ವೇಗ 1,480ರಿಂದ ಸುಮಾರು 120 ಮೀಟರಿಗೆ ಇಳಿದುಬಿಡುತ್ತದೆ. ಒತ್ತಡ ಹೆಚ್ಚಿದಂತೆ ಈ ಪರಿಣಾಮ ಕಡಿಮೆಯಾದರೂ ಹೋಗುವುದಿಲ್ಲ. ನಮ್ಮಲ್ಲಿ ನೀರು ಬಿಟ್ಟು ಬಿಟ್ಟು ಬರುವುದರಿಂದ ಪ್ರತಿ ಸಲವೂ ಪೈಪಿಗೆ ಗಾಳಿ ಸೇರುತ್ತದೆ. ಗುಡ್ಡ ಹತ್ತುವ ದಾರಿಯಲ್ಲಿ ಉಬ್ಬು ಇರುವಲ್ಲೆಲ್ಲ ಗಾಳಿ ಹೊರಬಿಡುವ ಏರ್ ವಾಲ್ವ್ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ನೋಡಿ. ಏರ್ ವಾಲ್ವ್ ಕಟ್ಟಿಕೊಂಡ ಸಾಲಿನಲ್ಲಿ ಯಾವ ಶಬ್ದಯಂತ್ರವೂ ಸತ್ಯ ಹೇಳುವುದಿಲ್ಲ.

ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರನ್ನು ಬೆಂಗಳೂರಿನಿಂದ ಕೋಲಾರದ ಕೆರೆಗಳಿಗೆ ತರುವಂಥ ದೊಡ್ಡ ಪೈಪುಗಳಿಗೆ ಬೇರೆಯೇ ದಾರಿಗಳಿವೆ. ಅಂಥ ಕಡೆ ಮೈಕ್ರೊಫೋನ್ ಹೊತ್ತ ಚೆಂಡೊಂದನ್ನು ನೀರಿನ ಜೊತೆ ಉರುಳಿಬಿಟ್ಟು, ಸೋರಿಕೆಯ ಪಕ್ಕದಲ್ಲೇ ಹಾದುಹೋಗುವಾಗ ಕೇಳಿದ್ದನ್ನು ದಾಖಲಿಸುವ ಪದ್ಧತಿ ಇದೆ. ನಾಲ್ಕಿಂಚಿನ ಪೈಪಿಗೆ ಅದರ ಮಾತು ಬೇಡ.

ಈಗ ಸಂದೇಶದ ವಿಷಯ. ಪೈಪಿನೊಳಗಿನ ದ್ರವವನ್ನೇ ಟೆಲಿಗ್ರಾಫ್ ತಂತಿಯಂತೆ ಬಳಸುವುದು ಕಲ್ಪನೆಯ ಮಾತಲ್ಲ. ತೈಲಬಾವಿ ಕೊರೆಯುವವರು 1970ರ ದಶಕದ ಕೊನೆಯಿಂದಲೂ ಅದನ್ನು ಮಾಡುತ್ತಿದ್ದಾರೆ. ಕಿಲೋಮೀಟರುಗಟ್ಟಲೆ ಆಳದಲ್ಲಿ ತಿರುಗುವ ಕೊರೆಯುವ ತುದಿಗೆ ತಂತಿ ಕಟ್ಟಲಾಗದು, ರೇಡಿಯೊ ಅಲೆ ಬಂಡೆ ದಾಟಿ ಬರದು. ಹಾಗಾಗಿ ಕೊರೆಯುವ ಕೊಳವೆಯಲ್ಲಿ ಹರಿಯುವ ಕೆಸರುದ್ರವಕ್ಕೆ ಕೆಳಗಿನ ಸಣ್ಣ ವಾಲ್ವೊಂದು ಕ್ಷಣಕ್ಷಣಕ್ಕೂ ಅಡ್ಡಬಂದು ಸರಿಯುತ್ತದೆ. ಒತ್ತಡದ ಮಿಡಿತಗಳು ಮೇಲೆ ಬರುತ್ತವೆ, ಮೇಲಿನ ಗೇಜ್ ಅವನ್ನು ಓದುತ್ತದೆ: ತುದಿ ಯಾವ ದಿಕ್ಕಿಗಿದೆ, ಎಷ್ಟು ಬಾಗಿದೆ. ಸೆಕೆಂಡಿಗೆ ಬೆರಳೆಣಿಕೆಯಷ್ಟು ಬಿಟ್‌ಗಳಷ್ಟೇ ಬರುವುದು. ಮೊಬೈಲಿನ ಕಾಲದಲ್ಲಿ ಅದು ಆಮೆ. ಆದರೂ ಸಾವಿರಾರು ಅಡಿ ಕೆಳಗಿನ ಸುದ್ದಿ ತರುತ್ತದೆ.

ಅವರು ಅಲ್ಟ್ರಾಸೌಂಡ್ ಬಳಸದೆ ನಿಧಾನದ ಮಿಡಿತ ಬಳಸಿದ್ದೇಕೆ ಎಂಬುದೇ ನಿಮ್ಮ ಯಂತ್ರದ ಪ್ರಶ್ನೆಗೂ ಉತ್ತರ. ಕಂಪನ ಏರಿದಷ್ಟೂ ದಾರಿಯಲ್ಲಿ ನಷ್ಟ ಹೆಚ್ಚು. ಅಲೆಯ ಉದ್ದ ಪೈಪಿನ ಅಗಲಕ್ಕಿಂತ ಚಿಕ್ಕದಾದರೆ ಅದು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ನೂರು ದಾರಿ ಹಿಡಿದು, ಕೊನೆಗೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಉದ್ದನೆಯ ಅಲೆ ಹಾಗಲ್ಲ, ಪಿಚಕಾರಿಯ ದಂಡದಂತೆ ಪೈಪಿನ ಪೂರ್ತಿ ಅಗಲವನ್ನು ತುಂಬಿಕೊಂಡು ನೆಟ್ಟಗೆ ಸಾಗುತ್ತದೆ. ಅಲ್ಟ್ರಾಸೌಂಡಿಗೆ ಅದರದೇ ಜಾಗವಿದೆ. ಪೈಪಿನ ಹೊರಮೈಗೆ ಕಟ್ಟಿ ನೀರಿನ ಹರಿವು ಅಳೆಯುವ ಮೀಟರುಗಳು ಅದರಿಂದಲೇ ನಡೆಯುತ್ತವೆ: ಹರಿವಿನ ಜೊತೆ ಹೋದ ಅಲೆ ಬೇಗ, ಎದುರು ಬಂದದ್ದು ತುಸು ತಡ. ಆದರೆ ಅಲ್ಲಿ ಅದು ದಾಟಬೇಕಾದದ್ದು ಒಂದೆರಡು ಗೇಣು. 1,050 ಮೀಟರ್ ಪಿವಿಸಿಯಲ್ಲ.

ಇನ್ನು ನಿಮಗೆ ಬೇಕಾದದ್ದು ಎಷ್ಟು ಸುದ್ದಿ? ಟ್ಯಾಂಕು ತುಂಬಿತೇ, ಇಲ್ಲವೇ. ಒಂದೇ ಮಾತು. ಅದಕ್ಕೆ ನಾಲ್ಕು ಸೆಕೆಂಡು ಹಿಡಿದರೂ ನಷ್ಟವಿಲ್ಲ.

ಹೀಗೆ ಮಾಡಿ. ಟ್ಯಾಂಕಿನಲ್ಲಿ ಪೈಪು ಒಳಬರುವ ಬಾಯಿಗೆ ಫ್ಲೋಟ್ ವಾಲ್ವ್ ಹಾಕಿಸಿ. ನೀರು ಮೇಲೇರಿದಂತೆ ಅದು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಮುಚ್ಚಿದಾಗ ಏರುವ ಒತ್ತಡವೇ ನಿಮ್ಮ ಸಂದೇಶ. ಅದು ಪಿವಿಸಿಯಲ್ಲಿ ಮೂರೂವರೆ ಸೆಕೆಂಡು, ಕಬ್ಬಿಣದಲ್ಲಿ ಅರ್ಧ ಸೆಕೆಂಡು ಪ್ರಯಾಣ ಮಾಡಿ ಪಂಪಿನ ಬಳಿ ಬರುತ್ತದೆ. ಇಲ್ಲಿ ನಿಮಗೊಂದು ಅನುಕೂಲವೂ ಇದೆ. ಮೆತ್ತನೆಯ ಪಿವಿಸಿಯಿಂದ ಗಡುಸಾದ ಕಬ್ಬಿಣಕ್ಕೆ ದಾಟುವಾಗ ಒತ್ತಡದ ಅಲೆಯ ಎತ್ತರ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಎದುರು ದಿಕ್ಕಿನಲ್ಲಿ, ಪಂಪಿನಿಂದ ಟ್ಯಾಂಕಿಗೆ ಅಲೆ ಕಳುಹಿಸಿದ್ದರೆ ಆ ಜೋಡಣೆಯಲ್ಲೇ ಅರ್ಧಕ್ಕಿಂತ ಹೆಚ್ಚು ಎತ್ತರ ಹಿಂದಕ್ಕೆ ಪುಟಿದುಬರುತ್ತಿತ್ತು. ಸುದ್ದಿ ಬೇಕಾದ ದಿಕ್ಕಿನಲ್ಲೇ ನಿಮ್ಮ ಸಾಲು ಚೆನ್ನಾಗಿದೆ.

ಪಂಪಿನ ಬಳಿ, ಎನ್‌ಆರ್‌ವಿಯ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಆಚೆಗೆ ಪ್ರೆಶರ್ ಸ್ವಿಚ್ ಕೂರಿಸಿ, ಕರೆಂಟು ತಪ್ಪಿದರೆ ಪಂಪು ನಿಲ್ಲಿಸುವ ಸ್ಟಾರ್ಟರಿನ ನೋ ವೋಲ್ಟ್ ಕಾಯಿಲ್‌ಗೆ ಹೋಗುವ ತಂತಿಯ ನಡುವೆ ಜೋಡಿಸಬೇಕು, ಇದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೆಲಸ. ಎಷ್ಟಕ್ಕೆ ಹೊಂದಿಸುವುದು ಎಂದು ತಿಳಿಯಲು ಒಮ್ಮೆ ಪಂಪು ಓಡುತ್ತಿರುವಾಗ ಪಂಪಿನ ಮುಂದಿನ, ಕೈಯಿಂದ ತಿರುಗಿಸುವ ಸ್ಲೂಯಿಸ್ ವಾಲ್ವನ್ನು ನಿಧಾನವಾಗಿ ಪೂರ್ತಿ ಮುಚ್ಚಿ, ವಾಲ್ವಿಗಿಂತ ಈಚೆಗಿನ ಗೇಜ್ ನೋಡಿ, ಕೆಲವೇ ಸೆಕೆಂಡಿನಲ್ಲಿ ಮತ್ತೆ ತೆರೆಯಿರಿ. ಅದು 5 ಕೆಜಿ ತೋರಿಸಿತು ಎಂದಿಟ್ಟುಕೊಳ್ಳಿ. ಓಡುವಾಗ 4, ಮುಚ್ಚಿದಾಗ 5, ಸ್ವಿಚ್ಚನ್ನು 4.6ಕ್ಕೆ ಹೊಂದಿಸಿ, 15 ಸೆಕೆಂಡಿನ ಟೈಮರ್ ಜೊತೆಗಿಡಿ. ಒತ್ತಡ ಅಷ್ಟು ಹೊತ್ತು ಮೇಲೆಯೇ ನಿಂತರೆ ಮಾತ್ರ ಪಂಪು ನಿಲ್ಲಲಿ, ಬಂದು ಹೋಗುವ ಅಲೆಗೆ ನಿಲ್ಲಬಾರದು. ಇನ್ನೊಂದು ಸ್ವಿಚ್ಚನ್ನು ಪಂಪು ಮತ್ತು ಎನ್‌ಆರ್‌ವಿಯ ನಡುವೆ, ಕೆಳಗಿನ ಮಿತಿಗೆ, 2.5 ಕೆಜಿಗೆ ಹಾಕಿಸಿ. ಸಂಪು ಬತ್ತಿದರೂ ಪೈಪು ಒಡೆದರೂ ಒತ್ತಡ ಬೀಳುತ್ತದೆ, ಪಂಪು ಸುಡುವ ಮೊದಲೇ ನಿಲ್ಲುತ್ತದೆ. ಶುರುವಿನಲ್ಲಿ ಒತ್ತಡ ಏರಲು ಬೇಕಾದ ಒಂದೆರಡು ನಿಮಿಷ ಈ ಸ್ವಿಚ್ಚನ್ನು ಟೈಮರ್ ತಡೆದಿಡಲಿ. ಮತ್ತೆ ಚಾಲೂ ಮಾಡುವ ಕೆಲಸ ನೀರಗಂಟಿಯವರ ಕೈಯಲ್ಲೇ ಇರಲಿ.

ಫ್ಲೋಟ್ ವಾಲ್ವ್ ಮೆಲ್ಲಗೆ ಮುಚ್ಚುವಂಥದ್ದೇ ಆಗಿರಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹರಿಯುವ ನೀರನ್ನು ತಟಕ್ಕನೆ ತಡೆದರೆ ಏಳುವ ಒತ್ತಡವನ್ನು ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ಮಾಡಿ 1898ರಲ್ಲಿ ಜುಕೋವ್ಸ್ಕಿ ತೋರಿಸಿಕೊಟ್ಟರು: ನೀರಿನ ಸಾಂದ್ರತೆ, ಅಲೆಯ ವೇಗ, ಹರಿವಿನ ವೇಗ ಮೂರನ್ನೂ ಗುಣಿಸಿದಷ್ಟು. ಸೆಕೆಂಡಿಗೆ ಅರ್ಧ ಮೀಟರ್ ಹರಿವು ತಟಕ್ಕನೆ ನಿಂತರೆ ಪಿವಿಸಿಯಲ್ಲಿ ಒಂದೂವರೆ ಕೆಜಿ ಹೆಚ್ಚುತ್ತದೆ, ಕಬ್ಬಿಣದಲ್ಲಿ ಆರು ಕೆಜಿಗೂ ಮೇಲೆ. ನಿಮ್ಮ ಸಾಲಿನಲ್ಲಿ ಅಲೆ ಹೋಗಿ ಬರಲು ಎಂಟು ಸೆಕೆಂಡು ಬೇಕು. ಅದಕ್ಕಿಂತ ಬಹಳ ನಿಧಾನವಾಗಿ ಮುಚ್ಚಿದರೆ ಹೊಡೆತ ತಗ್ಗುತ್ತದೆ. ಕರೆಂಟು ಹೋದಾಗ ಎನ್‌ಆರ್‌ವಿ ‘ಡಬ್’ ಎಂದು ಬಡಿಯುವುದನ್ನು ನೀವು ಕೇಳಿರುತ್ತೀರಿ. ಅದು ಇದೇ ಅಲೆ ಮರಳಿ ಬಂದ ಸದ್ದು. ಹಳೆಯ ಬೀಡುಕಬ್ಬಿಣದ ಜೋಡಣೆಗಳು ಬಿಡುವುದು ಹೆಚ್ಚಾಗಿ ಈ ಹೊಡೆತಕ್ಕೇ.

ಎರಡು ಕಡೆ ಈ ವ್ಯವಸ್ಥೆ ನಡೆಯುವುದಿಲ್ಲ. ಟ್ಯಾಂಕಿಗೆ ಹೋಗುವ ಪೈಪಿಗೇ ದಾರಿಯಲ್ಲಿ ನಲ್ಲಿಗಳನ್ನು ಕೊಟ್ಟಿದ್ದರೆ ಫ್ಲೋಟ್ ಮುಚ್ಚಿದರೂ ಒತ್ತಡ ಪೂರ್ತಿ ಏರದು. ಅಂಥವುಗಳಿದ್ದರೆ ಮೊದಲು ಅವನ್ನು ಟ್ಯಾಂಕಿನ ಹೊರಹರಿವಿನ ಸಾಲಿಗೆ ವರ್ಗಾಯಿಸಿ. ಎರಡನೆಯದು ಅಪಾಯದ ವಿಷಯ, ಇದನ್ನು ಓದುವ ಬೇರೆ ಊರಿನವರಿಗೂ ಹೇಳುತ್ತಿದ್ದೇನೆ. ಸಂಪು ಇಲ್ಲದೆ ಕೊಳವೆಬಾವಿಯಿಂದ ನೇರವಾಗಿ ಟ್ಯಾಂಕಿಗೆ ತಳ್ಳುವ ಕಡೆ ಫ್ಲೋಟ್ ವಾಲ್ವ್ ಹಾಕಬೇಡಿ. ನಮ್ಮ ಕಡೆಯ ಸಾವಿರ ಅಡಿಯ ಬಾವಿಗಳಿಗೆ ಇಳಿಸುವ ಸಬ್‌ಮರ್ಸಿಬಲ್ ಪಂಪು ಬಾಯಿ ಮುಚ್ಚಿದರೆ 380 ಮೀಟರ್ ಎತ್ತುವಷ್ಟು ಒತ್ತಡ ಕೊಡುತ್ತದೆ ಎಂದುಕೊಳ್ಳಿ. ನೀರು 250 ಮೀಟರ್ ಆಳದಲ್ಲಿದ್ದರೆ ಉಳಿದ 130 ಮೀಟರ್, ಅಂದರೆ 13 ಕೆಜಿ, ನೆಲದ ಮೇಲಿನ ಪೈಪಿನ ಮೇಲೆ ಬೀಳುತ್ತದೆ. 6 ಕೆಜಿ ಪಿವಿಸಿ ಸೀಳಿಹೋಗುತ್ತದೆ, ಪಕ್ಕದಲ್ಲಿ ನಿಂತವರಿಗೂ ಗಾಯವಾಗಬಹುದು. ನಿಮ್ಮಲ್ಲೂ ಸ್ಲೂಯಿಸ್ ವಾಲ್ವ್ ಮುಚ್ಚಿ ನೋಡಿದಾಗ ಗೇಜ್ 5ಕ್ಕಿಂತ ಮೇಲೆ ಹೋದರೆ, ಮೊದಲು ಹೆಚ್ಚಾದ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ಹಾಕಿಸಿ ಆಮೇಲೆ ಮುಂದುವರಿಯಿರಿ.

ಈ ಜೋಡಣೆಯಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇನ್ನೂ ಬಾಕಿ ಇದೆ. ಟ್ಯಾಂಕು ತುಂಬಿ ಪಂಪು ನಿಂತಾಗ ಒಂದು ತುದಿಯಲ್ಲಿ ಫ್ಲೋಟ್ ವಾಲ್ವ್, ಇನ್ನೊಂದು ತುದಿಯಲ್ಲಿ ಎನ್‌ಆರ್‌ವಿ ಮುಚ್ಚಿ, ಸುಮಾರು 5 ಕೆಜಿ ಒತ್ತಡ ಪೈಪಿನಲ್ಲೇ ಸೆರೆಯಾಗಿ ಕುಳಿತಿರುತ್ತದೆ. ಗಾಳಿ ಇಲ್ಲದಿದ್ದರೆ, ನಿಮ್ಮ ಸಾಲಿನಿಂದ ಬರೀ 10 ಲೀಟರ್ ನೀರು, ಒಂದು ಕೊಡಕ್ಕೂ ಕಡಿಮೆ, ಹೊರಹೋದರೂ ಗೇಜ್ 1 ಕೆಜಿ ಇಳಿಯುತ್ತದೆ. ಮೇಲೆ ಹೇಳಿದ 3 ಮಿಲಿಮೀಟರ್ ತೂತು ಆ 10 ಲೀಟರನ್ನು ಎರಡೇ ನಿಮಿಷದೊಳಗೆ ಹೊರಹಾಕುತ್ತದೆ. ಸಂದೇಶ ತರಲು ಹಾಕಿದ ಸಾಮಾನು ಸೋರಿಕೆಯ ಕಾವಲುಗಾರನೂ ಆಯಿತು. ಜಾಗ ಎಲ್ಲಿ ಎಂದು ಅದು ಹೇಳುವುದಿಲ್ಲ. ಇದೆಯೋ ಇಲ್ಲವೋ, ನಿನ್ನೆಗಿಂತ ಹೆಚ್ಚಿತೋ ಎಂದು ಪ್ರತಿದಿನ ಹೇಳುತ್ತದೆ. ಕೋರಿಲೇಟರಿನವರನ್ನು ಯಾವಾಗ ಕರೆಸಬೇಕು ಎಂಬುದು ನಿಮಗೆ ಅದರಿಂದಲೇ ಗೊತ್ತಾಗುತ್ತದೆ.

ಗೇಜ್ ಇಳಿಯಲು ಎನ್‌ಆರ್‌ವಿಯೂ ಕಾರಣವಾಗಿರಬಹುದು, ಅದರ ಬಾಗಿಲಿಗೆ ಸಣ್ಣ ಕಲ್ಲು ಸಿಕ್ಕಿಕೊಂಡರೂ ನೀರು ಸಂಪಿಗೆ ಹಿಂದಿರುಗುತ್ತದೆ. ಆದ್ದರಿಂದ ಎರಡು ಬಗೆಯಲ್ಲಿ ಅಳೆಯಬೇಕು. ಈ ಅಳತೆಗೆ ಇನ್ನೊಂದು ಗೇಜ್ ಸ್ಲೂಯಿಸ್ ವಾಲ್ವಿನ ಆಚೆಗೆ, ಟ್ಯಾಂಕಿನ ಕಡೆ ಇರಲಿ. ಪಂಪು ನಿಂತ ಮೇಲೆ ಒಂದು ರಾತ್ರಿ ಸ್ಲೂಯಿಸ್ ವಾಲ್ವ್ ತೆರೆದೇ ಇಟ್ಟು, ಮರುರಾತ್ರಿ ಅದನ್ನು ಬಿಗಿಯಾಗಿ ಮುಚ್ಚಿ, ಮೊದಲ ಹತ್ತು ನಿಮಿಷ ನಿಮಿಷಕ್ಕೊಮ್ಮೆ ಗೇಜ್ ಎಷ್ಟು ತೋರಿಸಿತು ಎಂದು ನೀರಗಂಟಿಯವರು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ತೆರೆದಾಗ ಬೇಗ ಇಳಿದು ಮುಚ್ಚಿದಾಗ ನಿಂತರೆ ತಪ್ಪು ಎನ್‌ಆರ್‌ವಿಯದು. ಎರಡರಲ್ಲೂ ಒಂದೇ ಥರ ಇಳಿದರೆ ಸೋರಿಕೆ ಪೈಪಿನಲ್ಲಿದೆ, ಇಲ್ಲವೇ ಫ್ಲೋಟ್ ವಾಲ್ವ್ ಸರಿಯಾಗಿ ಮುಚ್ಚಿಲ್ಲ. ಹೊಸದಾಗಿ ಒತ್ತಡ ಬಿದ್ದ ಪಿವಿಸಿ ಮೊದಲ ಕೆಲವು ನಿಮಿಷ ತಾನಾಗಿಯೂ ತುಸು ಹಿಗ್ಗುತ್ತದೆ, ಆ ಸಣ್ಣ ಇಳಿತಕ್ಕೆ ಹೆದರಬೇಡಿ. ಒಂದು ವಾರದ ಅಂಕಿಗಳನ್ನು, ಯಾವ ರಾತ್ರಿ ವಾಲ್ವ್ ತೆರೆದಿತ್ತು, ಯಾವ ರಾತ್ರಿ ಮುಚ್ಚಿತ್ತು ಎಂಬ ಗುರುತಿನೊಂದಿಗೆ ನನಗೆ ಕಳುಹಿಸಿ. ಏರ್ ವಾಲ್ವುಗಳು ಪಂಪಿನಿಂದ ಎಷ್ಟೆಷ್ಟು ದೂರದಲ್ಲಿವೆ ಎಂಬುದನ್ನೂ ಅಳೆದು ಅದರ ಕೆಳಗೇ ಬರೆಯಿರಿ.